ಕುದ್ರುವಿನ ತಾರೆ ಮರದಲ್ಲಿ ಮಂಗಟ್ಟೆ

ಕೆರಾಡಿಯ ಕಡೆ ಕಾಡಂಚಿನಲ್ಲಿ ಮಂಗಟ್ಟೆ ಕೂಗಿದರೆ ಯಾರೂ ಕೆಲಸ ನಿಲ್ಲಿಸಿ ನೋಡುವುದಿಲ್ಲ. ಅಲ್ಲಿರುವುದು ಬೂದು ಬಣ್ಣದ, ಕೊಕ್ಕಿನ ಮೇಲೆ ಕೊಂಬಿಲ್ಲದ ಚಿಕ್ಕ ಜಾತಿ. ನಾನು ಹುಡುಕುತ್ತಿದ್ದದ್ದು ಇನ್ನೊಂದನ್ನು. ಕಪ್ಪು ಮೈ, ಬಿಳಿ ಹೊಟ್ಟೆ, ಹಳದಿ ಕೊಕ್ಕಿನ ಮೇಲೆ ಮತ್ತೊಂದು ಕೊಕ್ಕು ಕವುಚಿಟ್ಟಂಥ ದೊಡ್ಡ ಕೊಂಬು. ಅದು ಹಾರಿದರೆ ರೆಕ್ಕೆಯ ಸದ್ದು ಹಕ್ಕಿಗಿಂತ ಮೊದಲೇ ಬರುತ್ತದೆ, ಯಾರೋ ಒದ್ದೆ ಕಂಬಳಿಯನ್ನು ಗಾಳಿಯಲ್ಲಿ ಒದರಿದ ಹಾಗೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳ ಕಡಲ ಬದಿಯಲ್ಲಿ ಆ ಹಕ್ಕಿ ಈಗಲೂ ಗೂಡು ಮಾಡುತ್ತದೆಯೇ, ಮಾಡಿದರೆ ಎಲ್ಲಿ, ಇನ್ನೆಷ್ಟು ಕಾಲ ಉಳಿದೀತು ಎಂದು ತಿಳಿದು ವರದಿ ಕೊಡುವ ಕೆಲಸ ಸಂಸ್ಥೆಯೊಂದರಿಂದ ನನಗೆ ಬಂದಿತ್ತು. ಬ್ರಹ್ಮಾವರದಲ್ಲಿ ಒಂದು ಕೋಣೆ ಹಿಡಿದು, ಹಳೆಯ ಬೈಕಿನಲ್ಲಿ ದಿನವೂ ಬಡಗು ದಿಕ್ಕಿಗೆ ಹೊರಡುತ್ತಿದ್ದೆ.

ಅಂಡಮಾನಿನ ಆಚೆ ನಾರ್ಕೊಂಡಮ್ ಎಂಬ ಪುಟ್ಟ ದ್ವೀಪವಿದೆ. ಅಲ್ಲಿ ಒಂದು ಜಾತಿಯ ಮಂಗಟ್ಟೆ ಇದೆ. ಲೋಕದಲ್ಲಿ ಬೇರೆಲ್ಲೂ ಇಲ್ಲ. ವಿಶ್ವವಿದ್ಯಾಲಯದಲ್ಲಿ ಅದರ ಬಗ್ಗೆ ಓದಿದಾಗ, ಒಂದೇ ದ್ವೀಪದ ಹಕ್ಕಿಯ ಸ್ಥಿತಿ ಅಳೆಯುವುದು ಸುಲಭ, ಹೋಗಿ ಎಣಿಸಿದರಾಯಿತು ಎಂದುಕೊಂಡಿದ್ದೆ. ಅಲ್ಲಿ ಒಂದು ತಪ್ಪಾದರೆ ತಿದ್ದಿಕೊಳ್ಳಲು ಎರಡನೆಯ ಜಾಗವಿಲ್ಲ ಎಂಬುದು ಆಗ ತಲೆಗೆ ಹೋಗಿರಲಿಲ್ಲ.

ನನ್ನ ಕೆಲಸದ ರೀತಿಯ ಬಗ್ಗೆ ಒಂದು ಮಾತು ಹೇಳಬೇಕು. ನನಗೆ ನನ್ನ ನೆನಪಿನ ಮೇಲೆ ನಂಬಿಕೆ ಇಲ್ಲ. ಹಾಲಾಡಿಯ ಹತ್ತಿರ ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಮೈದಾನದ ಮೇಲೆ ಈ ಹಕ್ಕಿಗಳು ಸಾಲಾಗಿ ಹಾರಿದ್ದನ್ನು ಕಂಡೆ ಎಂದು ವರ್ಷಗಟ್ಟಲೆ ಎಲ್ಲರಿಗೂ ಹೇಳುತ್ತಿದ್ದೆ. ಒಂದು ದಿನ ಅಕ್ಕ ನಕ್ಕುಬಿಟ್ಟಳು. "ಅದ್ ಕಂಡದ್ದ್ ನಾನ್ ಮಾರಾಯ. ನೀ ಜ್ವರ ಬಂದ್ ಮನೀಲಿ ಮಲ್ಗಿದ್ದೆ. ನಾ ಬಂದ್ ಹೇಳದ್ದ್" ಎಂದಳು. ನನ್ನ ಕಣ್ಣಮುಂದೆ ಆಗಲೂ ಆ ಸಾಲು ಹಾರುತ್ತಿತ್ತು. ಹುಲ್ಲಿನ ಮೇಲೆ ಬಿದ್ದ ನೆರಳು ಕೂಡ ಕಾಣುತ್ತಿತ್ತು. ಅಂದಿನಿಂದ ಎಲ್ಲವನ್ನೂ ಮೂರು ಪಾಲು ಮಾಡುತ್ತೇನೆ: ಕಂಡದ್ದು, ಕೇಳಿದ್ದು, ಊಹಿಸಿದ್ದು. ಒಂದು ಪಾಲಿನದನ್ನು ಇನ್ನೊಂದಕ್ಕೆ ಸೇರಿಸುವುದಿಲ್ಲ.

ತಿಂಗಳುಗಟ್ಟಲೆ ನನ್ನ ಬಳಿ ಕೇಳಿದ್ದು ಮಾತ್ರ ಇತ್ತು. ಅಜ್ಜನ ಕಾಲದಲ್ಲಿ ಇತ್ತು, ರಸ್ತೆ ಅಗಲ ಮಾಡುವಾಗ ಆಲದ ಮರ ಹೋಯಿತು, ಆಮೇಲೆ ಬರಲಿಲ್ಲ. ಎಲ್ಲ ಊರಲ್ಲೂ ಇದೇ ಮಾತು. ಕೊನೆಗೆ ಗಂಗೊಳ್ಳಿ ಬಂದರಿನ ದಕ್ಕೆಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಒಬ್ಬ ದೋಣಿಯವರು ತಲೆ ಎತ್ತದೆ, "ಕೊಂಬಿನ ಹಕ್ಕಿಯಾ? ಕುದ್ರಿನ ಬನದಲ್ಲ್ ಇತ್ತಲೆ" ಎಂದರು. ನಮ್ಮ ಕಡೆಯ ಮಾತಿನಲ್ಲಿ 'ಇತ್ತ್' ಎಂದರೆ 'ಇದೆ'.

ಗಂಗೊಳ್ಳಿಯ ಹಿಂದೆ ಹೊಳೆಗಳು ಒಂದಾಗಿ ಹರಡಿಕೊಳ್ಳುವಲ್ಲಿ ಹಲವು ಕುದ್ರುಗಳಿವೆ. ಹೊಳೆಯ ನಡುವಿನ ದ್ವೀಪಗಳು. ಹೆಚ್ಚಿನವುಗಳಲ್ಲಿ ತೆಂಗು, ಗದ್ದೆ, ಮನೆಗಳು. ಈ ಒಂದರಲ್ಲಿ ಮಾತ್ರ ಅರ್ಧ ಭಾಗ ಕಾಡು. ಅದು ಒಂದು ಕುಟುಂಬದ ನಾಗಬನ. ನಾಗನ ಕಲ್ಲುಗಳ ಸುತ್ತ ತಲೆಮಾರುಗಳಿಂದ ಯಾರೂ ಕತ್ತಿ ಹಾಕಿರಲಿಲ್ಲ. ಬೇಲಿ ಇರಲಿಲ್ಲ, ಹೆದರಿಕೆಯೇ ಬೇಲಿ. ನಡುವೆ ಒಂದು ತಾರೆ ಮರ. ಅದರ ಕಾಂಡದಲ್ಲಿ ಮೂರಾಳು ಎತ್ತರಕ್ಕೆ ಒಂದು ಪೊಟರೆ.

ದೋಣಿಯವರು ದಡ ಮುಟ್ಟಿಸಿ ಅಲ್ಲೇ ಕೂತರು.

"ನೀವು ಬರುವುದಿಲ್ಲವಾ?"

"ಮೀನ್ ತಿಂದ್ ಬಂದದ್ದ್ ನಾನ್. ಬನದೊಳ್ಗ್ ಕಾಲ್ ಹಾಕುಕಾಗ. ನೀವ್?"

ನಾನೂ ತಿಂದಿದ್ದೆ. "ನನಗೆ ಅದೆಲ್ಲ ಇಲ್ಲ" ಎಂದೆ.

"ಹಾಂಗಾರೆ ಹೋಯ್ನಿ. ಹಾವ್ ಕಚ್ಚಿರೆ ಕೂಗಿ. ದೋಣಿ ತಿರ್ಗ್ಸ್ತೆ" ಎಂದು ನಕ್ಕರು.

ತಾರೆ ಮರದ ಬುಡದಲ್ಲಿ ಕಾಸರಕದ ಬೀಜಗಳು, ಗೋಳಿಹಣ್ಣಿನ ಸಿಪ್ಪೆ, ಹಸಿ ಹಿಕ್ಕೆ ರಾಶಿಯಾಗಿ ಬಿದ್ದಿದ್ದವು. ಬೀಜಗಳು ಮೊಳೆತು ಒಂದು ಸಣ್ಣ ತೋಟವೇ ಆಗಿತ್ತು. ಎಂದರೆ ಹಲವು ವರ್ಷಗಳಿಂದ ಇದೇ ಪೊಟರೆ. ಮೇಲೆ ನೋಡಿದರೆ ಪೊಟರೆಯ ಬಾಯಿಗೆ ಗಟ್ಟಿಯಾದ ಕಂದು ಗಾರೆ ಮೆತ್ತಿತ್ತು. ಮೇಲಿಂದ ಕೆಳಗೆ ಒಂದು ಸೀಳು ಮಾತ್ರ ಬಿಟ್ಟಿತ್ತು. ಈ ಹಕ್ಕಿಯ ರೀತಿಯೇ ಹಾಗೆ. ಮೊಟ್ಟೆಯಿಡುವ ಕಾಲಕ್ಕೆ ಹೆಣ್ಣು ಪೊಟರೆ ಹೊಕ್ಕು, ತನ್ನ ಹಿಕ್ಕೆ, ಹಣ್ಣಿನ ರಸ, ಗಂಡು ತಂದುಕೊಟ್ಟ ಮಣ್ಣು ಸೇರಿಸಿ ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗಿರುವಾಗ ಹಾರುವ ಗರಿಗಳನ್ನೆಲ್ಲ ಉದುರಿಸುತ್ತದೆ. ಹೊಸ ಗರಿ ಬರುವವರೆಗೆ ಅದಕ್ಕೂ ಮರಿಗೂ ಗಂಡು ತಂದದ್ದೇ ಊಟ. ಗಂಡು ಬಾರದಿದ್ದರೆ ಮುಗಿಯಿತು.

ನಾನು ಬನದ ಹೊರಗೆ, ಉಪ್ಪುನೀರಿನಂಚಿನ ಕಾಂಡ್ಲ ಗಿಡಗಳ ಮರೆಯಲ್ಲಿ ದುರ್ಬೀನು ನಿಲ್ಲಿಸಿಕೊಂಡು ಕಾದೆ. ಹೋದ ದಿನವೆಲ್ಲ ಕಾದೆ. ಗಂಡು ಬರುತ್ತಿತ್ತು. ಮೊದಲು ಗೋಳಿಮರದ ಒಣಕೊಂಬೆಯಲ್ಲಿ ಕೂತು ಸುತ್ತ ನೋಡುವುದು, ಆಮೇಲೆ ಕಾಸರಕದ ಮರಕ್ಕೆ ಹಾರುವುದು, ಅಲ್ಲಿಂದ ತಾರೆ ಮರದ ಕಾಂಡಕ್ಕೆ ಬಾಲ ಒತ್ತಿ ಹಿಡಿಯುವುದು. ಗಂಟಲಿನಿಂದ ಒಂದೊಂದೇ ಹಣ್ಣು ಮೇಲೆ ತಂದು ಸೀಳಿನ ಕಡೆ ಬಗ್ಗುವುದು. ಈ ದಾರಿ ಒಂದು ದಿನವೂ ತಪ್ಪಲಿಲ್ಲ. ಅದರ ಬೆನ್ನು ನನ್ನ ಕಡೆಗೆ ಇರುತ್ತಿದ್ದುದರಿಂದ ಸೀಳು ಮರೆಯಾಗುತ್ತಿತ್ತು. ಒಮ್ಮೆ ಮಾತ್ರ, ಅದು ಹಾರಿಹೋದ ಕ್ಷಣ, ಸೀಳಿನೊಳಗೆ ಬಿಳಿಯದೇನೋ ಅಲುಗಿತು. ಹೆಣ್ಣಿನ ಕಣ್ಣಿನ ಸುತ್ತ ಬಿಳಿ ತೊಗಲು ಇರುತ್ತದೆ. ಅದೇ ಎಂದುಕೊಂಡೆ. ಮರುಕ್ಷಣ ಎಲೆಗಳ ನಡುವಿನ ಬಿಸಿಲಿನ ಚುಕ್ಕೆಯೂ ಅಲ್ಲೇ ಅಲುಗುತ್ತಿರುವುದು ಕಂಡಿತು. ಅದನ್ನು ಯಾವ ಪಾಲಿಗೆ ಹಾಕಬೇಕೆಂದು ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬನದೊಳಗೆ ಬಣ್ಣದ ದಾರ ಕಟ್ಟಿ ಅಳತೆ ಹಾಕಿದ್ದು ಕಾಣಿಸಿತು.

ದೋಣಿಯವರಿಂದ ವಿಷಯ ತಿಳಿಯಿತು. ಕುಟುಂಬದ ಹುಡುಗಿಯೊಬ್ಬಳಿಗೆ ಮೈಮೇಲೆ ಬಿಳಿ ಮಚ್ಚೆ ಎದ್ದು ಔಷಧಿಗೆ ಬಗ್ಗಿರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ನಾಗನ ಸಾನ್ನಿಧ್ಯಕ್ಕೆ ಕಾಡು ಕವಿದಿದೆ, ಕಲ್ಲುಗಳು ಮಣ್ಣಿನಲ್ಲಿ ಅನಾಥವಾಗಿವೆ, ಜೀರ್ಣೋದ್ಧಾರ ಆಗಬೇಕು ಎಂದು ಬಂತಂತೆ. ಜೀರ್ಣೋದ್ಧಾರವೆಂದರೆ ಈಗ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಒಂದೇ ಅರ್ಥ: ಮರ ಕಡಿದು, ನೆಲಕ್ಕೆ ಕಾಂಕ್ರೀಟು ಹಾಕಿ, ಟೈಲ್ಸು ಹಾಸಿ, ಮೇಲೆ ಶೀಟು ಹೊದೆಸುವುದು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಹೀಗೆ ಬೆಳ್ಳಗಾದ ಬನಗಳನ್ನು ನಾನು ಎಷ್ಟೋ ನೋಡಿದ್ದೆ. ಯಾವುದರಲ್ಲೂ ಭಕ್ತಿಗೆ ಕೊರತೆ ಇರಲಿಲ್ಲ.

ಅರಣ್ಯ ಇಲಾಖೆಯ ಗಾರ್ಡನ್ನು ಹುಡುಕಿಕೊಂಡು ಹೋದೆ. ನನಗಿಂತ ಚಿಕ್ಕವರು, ಒಳ್ಳೆಯವರು. ನನ್ನ ಚಿತ್ರಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು.

"ಸರ್, ಇದ್ರಲ್ಲ್ ಗಂಡ್ ಮರಕ್ಕ್ ಕೂಕಂಡದ್ದ್ ಕಾಂತ್. ಗೂಡಲ್ಲ್ ಹೆಣ್ಣಿತ್ತ್ ಅಂದೇಳಿ ಎಲ್ಲಿ ಕಾಂತ್?"

"ಗಂಡು ಮತ್ತೆ ಮತ್ತೆ ಬರುವುದು ಸುಮ್ಮನೆಯಾ?"

"ನಂಗ್ ಗೊತ್ತಾತ್ತ್. ಮೇಲ್ನವ್ರಿಗ್ ಗೊತ್ತಾಯ್ಕಲೆ? ಖಾಸಗಿ ಜಾಗ, ದೇವ್ರ ಕೆಲ್ಸ. ನಾನ್ ಬರ್ದ್ ಕಳಿಸ್ತೆ. ಉತ್ರ ಬಪ್ಪತಿಗ್ ಮಳಿಗಾಲ ಸುರು ಆತ್ತ್. ನೀವೇ ಹೋಯಿ ಆ ದೊಡ್ಡಮ್ಮನ್ ಹತ್ರ ಮಾತಾಡಿ. ಅವ್ರ್ ಹೇಳಿರೆ ಆತ್ತ್."

ದೊಡ್ಡಮ್ಮ ಎಂದರೆ ಆ ಕುಟುಂಬದ ಹಿರಿಯ ಹೆಂಗಸು. ಮನೆಯವರು, ಕೆಲಸದವರು, ದೋಣಿಯವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವರ ತಂಗಿಯ ಮಗ ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದವರು, ಈ ಕೆಲಸ ಮುಗಿಸಿಕೊಟ್ಟು ಹೋಗಲೆಂದೇ ಬಂದಿದ್ದರು. ಕುದ್ರುವಿನ ಮನೆಯ ಜಗಲಿಯಲ್ಲಿ ಎಲ್ಲರೂ ಕೂತಿದ್ದರು. ತಂಗಿಯ ಮಗನೇ ಮೊದಲು ಮಾತೆತ್ತಿದರು.

"ಕಾಣಿ ಸರ್, ನಮ್ಗೆ ಹಕ್ಕಿ ಮೇಲ್ ಸಿಟ್ಟಿಲ್ಲ. ಪ್ರತಿಷ್ಠೆಗ್ ದಿನ ಇಟ್ಟಾಯ್ತ್. ಮಳಿ ಬಪ್ಪುಕ್ ಮುಂಚೆ ಎಲ್ಲ ಬರಾಬರ್ ಆಯ್ಕ್."

"ಆ ತಾರೆ ಮರದೊಳ್ಗ್ ಹೆಣ್ಣ್ ಹಕ್ಕಿ ಇತ್ತ್. ಬಾಗ್ಲ್ ಹಾಯ್ಕಂಡ್ ಕೂಕಂಡಿತ್ತ್" ಎಂದೆ. ಅವರ ಮುಂದೆ ನನ್ನ ಬಾಯಿಗೂ ಊರ ಮಾತೇ ಬಂತು.

"ಬಾಗ್ಲ್ ಹಾಯ್ಕಂಡಾ? ಯಾರ್ ಹಾಕದ್ದ್?" ದೊಡ್ಡಮ್ಮ ಕೇಳಿದರು.

ವಿವರಿಸಿದೆ. ಹೆಂಗಸರು ಕೆಲಸ ಬಿಟ್ಟು ಹತ್ತಿರ ಬಂದರು. ಗಂಡು ದಿನವಿಡೀ ಹಣ್ಣು ತಂದು ಉಣಿಸುತ್ತದೆ ಎಂದಾಗ ಮಗನ ಹೆಂಡತಿ, "ಬಾಣಂತಿಗ್ ಕೂಕಂಡಲ್ಲೇ ಊಟ! ಮಾಸ್ಟ್ರೆ, ಆ ಗಂಡಿನ್ ಹತ್ರ ನಮ್ಮನೀ ಗಂಡ್ಸರಿಗ್ ಒಂಚೂರ್ ಪಾಠ ಹೇಳ್ಸಿ" ಎಂದರು. ಜಗಲಿ ತುಂಬ ನಗು. ಬಿಳಿ ಮಚ್ಚೆಯ ಹುಡುಗಿ ಕಂಬದ ಹಿಂದೆ ನಿಂತು ತಾನೂ ನಕ್ಕಳು. ತೋಳು ಮುಚ್ಚುವಂತೆ ಶಾಲು ಹೊದ್ದಿದ್ದಳು.

ದೊಡ್ಡಮ್ಮ ನಗಲಿಲ್ಲ. "ನೀವ್ ಹೆಣ್ಣನ್ ಕಂಡಿದ್ರ್ಯಾ?"

"ಗಂಡು ಹಣ್ಣು ಕೊಡೂದ್ ಕಂಡಿದೆ."

"ಗಂಡಿನ್ ವಿಷ್ಯ ಕೇಂಡದ್ದಲ್ಲ ನಾನ್. ಒಳ್ಗ್ ಇಪ್ಪುದನ್ನ ಕಂಡಿರ್ಯಾ?"

ನನ್ನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿದೆ. 'ಇರುವ ಸಾಧ್ಯತೆ ಬಹಳ' ಎನ್ನಬೇಕು. ಅಂದೆ ಕೂಡ. ಮಗ ಕೂಡಲೇ, "ಸಾಧ್ಯತೆ ಅಂದ್ರೆ ಪಕ್ಕಾ ಇಲ್ಲ ಅಂತ್ಲೇ ಅಲ್ದಾ?" ಎಂದರು. ದೊಡ್ಡಮ್ಮ ಎದ್ದರು.

"ಬನಿ. ನಾಗನ್ ಎದ್ರ್ ಹೇಳಿ. ಕಂಡದ್ದಾರೆ ಕಂಡೆ ಅನಿ. ಇಲ್ದಿರೆ ಇಲ್ಲ ಅನಿ. ನಾಳೆ ಮರ ಕಡೂಕ್ ಜನ ಬತ್ರ್. ಬಸ್ರಿ ಒಳ್ಗ್ ಇಪ್ಪತಿಗ್ ಮರ ಕಡ್ದ್ ಪಾಪ ಕಟ್ಕಂಬುಕ್ ನಂಗ್ ಮನ್ಸಿಲ್ಲ. ಸುಳ್ ಮಾತಿಗ್ ನಾಗನ್ ಕೆಲ್ಸ ನಿಲ್ಸೂಕೂ ಮನ್ಸಿಲ್ಲ."

ಕಲ್ಲುಗಳ ಮುಂದೆ ನಿಂತೆ. ಅರಿಶಿನ ಒಣಗಿ ಹೋಗಿದ್ದ ಹಳೆಯ ಕಲ್ಲುಗಳು. ನನಗೆ ನಾಗನಲ್ಲಿ ನಂಬಿಕೆಯಿಲ್ಲ, ಆದ್ದರಿಂದ ಆಣೆಗೆ ಹೆದರಬೇಕಾಗಿರಲಿಲ್ಲ. ಹೆದರಿದ್ದು 'ಕಂಡೆ' ಎಂಬ ಮಾತಿಗೆ. ನನ್ನ ಹತ್ತಿರ ಇದ್ದದ್ದು ಅದೊಂದೇ ಆಸ್ತಿ. ಕಾಣದ್ದನ್ನು ಕಂಡೆ ಎನ್ನಬಾರದು ಎಂಬುದರ ಮೇಲೆ ನನ್ನ ಕೆಲಸವೆಲ್ಲ ನಿಂತಿತ್ತು. ಸೀಳಿನ ಆ ಬಿಳುಪನ್ನು ಮತ್ತೆ ನೆನೆದೆ. ನೆನೆದಷ್ಟೂ ಅದು ಒಮ್ಮೆ ತೊಗಲಾಯಿತು, ಒಮ್ಮೆ ಬಿಸಿಲಾಯಿತು. ತಲೆಯ ಮೇಲೆ ಎಲ್ಲೋ ಗಂಡು ಹಕ್ಕಿಯ ರೆಕ್ಕೆ ಒದರಿದ ಸದ್ದು. ಜನ ಇರುವುದನ್ನು ಕಂಡು ಇಳಿಯದೆ ತಿರುಗಿಹೋಯಿತು.

"ಕಂಡೆ" ಎಂದೆ.

"ಎಂತ ಕಂಡದ್ದ್?"

"ಹೆಣ್ಣನ್. ಕಣ್ಣಿನ್ ಸುತ್ತ ಬಿಳಿ ಇತ್ತ್."

ದೊಡ್ಡಮ್ಮ ಕಲ್ಲಿಗೆ ಕೈಮುಗಿದರು. "ಸಾಕ್. ಎಂತ ಮಾಡ್ಕ್ ಹೇಳಿ."

ಆ ಗಳಿಗೆಯಲ್ಲಿ ನಾನು ಇಡೀ ಬನವನ್ನು ಕೇಳಬಹುದಿತ್ತು. ಕೊಟ್ಟೂ ಇರುತ್ತಿದ್ದರೇನೋ. ಆದರೆ ಅರ್ಧ ಮಾತ್ರ ನಂಬಿಕೆಯಿದ್ದ ಮಾತಿಗೆ ಪೂರ್ತಿ ಬೆಲೆ ಕೇಳಲು ನಾಲಿಗೆ ಏಳಲಿಲ್ಲ. ಆ ಒಂದು ತಾರೆ ಮರ ಮುಟ್ಟಬಾರದು ಎಂದೆ. ಮತ್ತೆ, ಬಲು ಮುಖ್ಯವೆಂದು ಎರಡು ಸಲ ಹೇಳಿದೆ: "ಅದಾಗೇ ಹೊರ್ಗ್ ಬಪ್ಪೊರಿಗೂ ಆ ಗೋಡಿ ಯಾರೂ ಒಡೂಕಾಗ. ಗೋಡಿ ಹೋದ್ರೆ ಒಳ್ಗಿದ್ದದ್ದ್ ಉಳೂದಿಲ್ಲ." ಕುತೂಹಲಕ್ಕೆ ಯಾರಾದರೂ ಏಣಿ ಹಾಕಿ ಒಡೆದಾರು ಎಂಬ ಹೆದರಿಕೆ ನನಗಿತ್ತು. ಕೆಲಸದ ಮೇಸ್ತ್ರಿ ಪಕ್ಕದಲ್ಲೇ ನಿಂತು ತಲೆಯಾಡಿಸಿದರು.

"ನಾನ್ ಕಾಂತೆ ಸರ್. ಒಂದ್ ಕೈ ಸೋಕುಕ್ ಬಿಡೂದಿಲ್ಲ."

ಮಾತು ಕೊಟ್ಟಂತೆ ನಡೆದುಕೊಂಡರು. ಮರುದಿನ ತಾರೆ ಮರದ ಕಾಂಡಕ್ಕೆ ಕೆಂಪು ವಸ್ತ್ರ ಕಟ್ಟಿದ್ದರು. ಉಳಿದ ಮರಗಳಿಗೆ ಗರಗಸ ಬಿತ್ತು. ಗೋಳಿಮರ ಬೀಳುವುದನ್ನು ನಾನು ದೋಣಿಯಿಂದ ಕಂಡೆ. ಮುಂದಿನದು ಕಾಸರಕ. ದೊಡ್ಡಮ್ಮನ ಬಳಿ ಓಡಿದೆ.

"ಇವೂ ಬೇಕ್ ಅಮ್ಮ. ಗಂಡು ಬಂದ್ ಕೂಕಂಬುದ್ ಇದ್ರ್ ಮೇಲೆ."

ಅವರಿಗೆ ನಿಜಕ್ಕೂ ಬೇಸರವಾಯಿತು. "ನೀವ್ ಅದೊಂದ್ ಮರ ಅಂದದ್ದಲ್ದಾ? ನಾಗನ್ ಎದ್ರ್ ಆಡದ್ ಮಾತ್. ಅದ್ರ್ ಮೇಲ್ ಸೇರ್ಸೂಕೂ ಆಗ, ಕಡ್ಮಿ ಮಾಡೂಕೂ ಆಗ. ಕಾಡ್ ಹೋದ್ರೆ ಹಕ್ಕಿಗ್ ಬೆಳ್ಕೂ ಬತ್ತಲೆ?"

ಆದರೂ ಗಂಡು ಬಿಡಲಿಲ್ಲ. ಕೂರಲು ಜಾಗವಿಲ್ಲದೆ ಆಚೆ ಕುದ್ರುವಿನ ತೆಂಗಿನಿಂದ ನೇರ ಹಾರಿ ಬರತೊಡಗಿತು. ಕೆಲಸದವರು ಊಟಕ್ಕೆ ಹೋದ ಹೊತ್ತು ನೋಡಿ ಬಂದು ಹೋಗುವುದನ್ನು ಕಂಡೆ. ಸಂಜೆಯೂ ಬಂತು. ಹೇಗೋ ಸುಧಾರಿಸಿಕೊಂಡೀತು ಎಂದುಕೊಂಡೆ. ಇದು ಊಹೆ.

ವರದಿಗೆ ಇನ್ನೊಂದು ಪ್ರಶ್ನೆ ಬಾಕಿಯಿತ್ತು. ಇದೊಂದೇ ಗೂಡು ಎನ್ನಬೇಕಾದರೆ ಬೇರೆ ಕಡೆ ಇಲ್ಲವೆಂದು ನೋಡಿರಬೇಕು. ನಾನು ಅಲ್ಲಿ ನಿಂತಿದ್ದರೆ ಗಂಡಿಗೆ ಇನ್ನೊಬ್ಬ ಮನುಷ್ಯನ ಕಾಟವೂ ಸೇರುತ್ತದೆ ಎಂದೂ ಅನಿಸಿತು. ಬೈಂದೂರಿನ ಕಡೆ ಹೊರಟೆ. ಹೊಳೆಯಂಚು, ದೇವಸ್ಥಾನದ ಹಿಂದಿನ ಹಾಡಿ ಎಂಬ ಸಣ್ಣ ಕಾಡು, ಗೇರು ಗುಡ್ಡೆಗಳ ನಡುವೆ ಉಳಿದ ಮರಗಳು, ಹಣ್ಣು ಬಿಟ್ಟ ಗೋಳಿ ಕಂಡಲ್ಲೆಲ್ಲ ಬೆಳಗಿನಿಂದ ಕೂತು ಕಾಯುವುದು, ಪೊಟರೆ ಕಂಡಲ್ಲಿ ಬುಡ ಹುಡುಕುವುದು. ಗಿಳಿ, ಕುಟ್ರು, ಒಂದು ಕಡೆ ಜೇನು. ಕೊಂಬಿನ ಹಕ್ಕಿ ಎಲ್ಲೂ ಇಲ್ಲ. ಒಬ್ಬ ಹೆಂಗಸು ತನ್ನ ಹಿತ್ತಲಿನ ಬನ ತೋರಿಸಿದರು. ಹಕ್ಕಿ ಬರುತ್ತಿದ್ದ ಮರ ಇದ್ದಲ್ಲಿ ಟೈಲ್ಸು ಹಾಕಿತ್ತು. "ಈಗ ಗುಡ್ಸೂಕ್ ಸುಲಭ" ಎಂದರು. ಬರಬರುತ್ತ ನನಗೆ ಖಚಿತವಾಯಿತು. ನಾರ್ಕೊಂಡಮ್ಮಿನ ಲೆಕ್ಕ ನಮ್ಮ ಕರಾವಳಿಗೂ ಬಂದಿತ್ತು. ಉಳಿದಿದ್ದದ್ದು ಒಂದು ದ್ವೀಪ, ಒಂದು ಮರ.

ತಿರುಗಿ ಬಂದಾಗ ಕುದ್ರು ದೂರದಿಂದಲೇ ಹೊಳೆಯುತ್ತಿತ್ತು. ನೆಲಕ್ಕೆಲ್ಲ ಬಿಳಿ ಟೈಲ್ಸು. ಸುತ್ತ ಉಕ್ಕಿನ ಕಂಬಗಳು, ಅರ್ಧ ಹೊದೆಸಿದ ಶೀಟು. ನಡುವೆ ತಾರೆ ಮರ, ಬುಡಕ್ಕೆ ಚೌಕದ ಕಟ್ಟೆ. ಕಟ್ಟೆಯ ಮೇಲೆ ಒಂದು ಬೀಜವೂ ಬಿದ್ದಿರಲಿಲ್ಲ. ಮೊಳೆತ ಗಿಡಗಳೂ ಇರಲಿಲ್ಲ. ಗುಡಿಸಿದ್ದರು ಎಂದುಕೊಂಡು ತಲೆ ಎತ್ತಿದೆ. ಪೊಟರೆಯ ಬಾಯಿ ಬೂದು ಬಣ್ಣಕ್ಕೆ ತಿರುಗಿತ್ತು.

ಮೇಸ್ತ್ರಿ ನನ್ನನ್ನು ಕಂಡು ಕರಣೆ ಕೆಳಗಿಟ್ಟು ಓಡಿ ಬಂದರು. ಮುಖ ಅರಳಿತ್ತು.

"ಹ್ವಾಯ್ ಸರ್, ಒಳ್ಳೆ ಹೊತ್ತಿಗ್ ಬಂದ್ರಿ. ನೀವ್ ಹೋದ್ ಮೇಲೆ ಆ ಗೋಡಿ ಬಿರ್ಕ್ ಬಿಟ್ಟ್ ಉದ್ರೂಕ್ ಸುರು ಆಯ್ತ್. ಟೈಲ್ಸ್ ಮೇಲೆಲ್ಲ ಚೂರ್. ನಮ್ಮ ಮಿಷನಿನ್ ಅದ್ರ್ಗೋ ಎಂತ್ದೋ ಅಂದೇಳಿ ಜೀವ ಹೋಯ್ತ್ ನಂಗೆ. ನೀವ್ ಗೋಡಿ ಹೋದ್ರೆ ಉಳೂದಿಲ್ಲ ಅಂದಿದ್ರಿ ಅಲ್ದಾ? ಏಣಿ ಇಟ್ಟ್ ನಾನೇ ಹತ್ತಿ ಸಿಮೆಂಟ್ ಮೆತ್ತದೆ. ಕೊಕ್ಕ್ ಬಪ್ಪಷ್ಟ್ ಸೀಳ್ ಹಾಂಗೇ ಬಿಟ್ಟಿದೆ, ಕಾಣಿ."

ಗಂಡು ಬರುವುದು ನಿಂತಾಗ ಹೆಣ್ಣು ತಾನೇ ಗೋಡೆ ಒಡೆದು ಹೊರಬರಲು ನೋಡುತ್ತದೆ. ಆ ಚೂರುಗಳನ್ನು ಉದುರಿಸಿದ್ದು ಒಳಗಿನ ಕೊಕ್ಕು. ಅದನ್ನು ನಾನು ಅವರಿಗೆ ಹೇಳಿರಲಿಲ್ಲ. ಹೇಳಿದ್ದು ಗೋಡೆ ಕಾಯಿರಿ ಎಂದು.

"ಗಂಡು ಬತ್ತಾ ಈಗ?" ಎಂದೆ.

ಮೇಸ್ತ್ರಿ ಯೋಚಿಸಿದರು. "ಶೀಟ್ ಹಾಕುಕ್ ಸುರು ಮಾಡದ್ ಮೇಲ್ ನಾನ್ ಕಂಡದ್ ನೆನಪಿಲ್ಲ."

"ಸಿಮೆಂಟು ಹಾಕಿದ ಮೇಲೆ ಒಳಗೆ ಸದ್ದು?"

"ಸುರೂಗ್ ಟಕ್ ಟಕ್ ಅಂತಿತ್ತ್. ಮತ್ತ್ ಸುಮ್ನಾಯ್ತ್. ಗೋಡಿ ಗಟ್ಟಿ ಆಯ್ತಲೆ, ನೆಮ್ದಿಯಲ್ಲ್ ಕೂಕಂಡಿತ್ತ್ ಅಂದ್ಕಂಡೆ…" ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ನನ್ನ ಮುಖ ನೋಡಿದರು. "ಸರ್, ಎಂತ ಆಯ್ತ್?"

ಏಣಿ ತಂದೆವು. ಉಳಿ ಸುತ್ತಿಗೆ ಅವರೇ ಹಿಡಿದರು, ನಾನು ಕೆಳಗೆ ಏಣಿ ಹಿಡಿದೆ. ಸಿಮೆಂಟು ಒಳ್ಳೆಯ ಕೆಲಸಗಾರನ ಕೈಯದು, ಸುಲಭಕ್ಕೆ ಬಿಡಲಿಲ್ಲ. ಒಂದು ತುಂಡು ಬಂದಾಗ ಒಳಗಿನಿಂದ ವಾಸನೆ ಬಂತು. ಮೇಸ್ತ್ರಿ ಏಣಿಯ ಮೇಲೆಯೇ ಹಣೆ ಮರಕ್ಕೆ ಒತ್ತಿ ನಿಂತುಬಿಟ್ಟರು. ಅವರನ್ನು ಇಳಿಸಿ ನಾನು ಹತ್ತಿದೆ.

ತಳದಲ್ಲಿ ಉದುರಿದ ಉದ್ದ ಗರಿಗಳು ಹಾಸಿಗೆಯಂತೆ ಬಿದ್ದಿದ್ದವು. ಹೆಣ್ಣು ಬಾಯಿಯ ಕಡೆಗೆ ಮುಖ ಮಾಡಿ ಒರಗಿತ್ತು. ಹೊಸ ಗರಿಗಳು ಅರ್ಧ ಬಂದಿದ್ದವು. ಅದರಡಿ ಒಂದು ಮರಿ, ಒಣಗಿ ಕೈಬೆರಳಷ್ಟಾಗಿತ್ತು. ಹೆಣ್ಣನ್ನು ಎತ್ತಿದಾಗ ತೂಕವೇ ಇರಲಿಲ್ಲ. ಕೊಕ್ಕಿನ ತುದಿ ಸವೆದು ಮೊಂಡಾಗಿತ್ತು. ಅದಕ್ಕೆ ಬೂದು ಪುಡಿ ಅಂಟಿತ್ತು. ಕಣ್ಣಿನ ಸುತ್ತ ಬಿಳಿ ತೊಗಲು.

ಆ ತೊಗಲನ್ನು ಬಹಳ ಹೊತ್ತು ನೋಡಿದೆ. ಅಂದು ಕಂಡದ್ದು ಇದೇ ಹೌದೇ ಎಂದು ಹೊಂದಿಸಿ ನೋಡಲು ಯತ್ನಿಸಿದೆ. ಆಗಲೇ ತಡವಾಗಿತ್ತು. ಈಗ 'ಅಂದಿನ ದಿನ' ಎಂದು ನೆನೆದರೆ ಬಿಸಿಲಿನ ಚುಕ್ಕೆ ಬರುವುದೇ ಇಲ್ಲ, ಸ್ಪಷ್ಟವಾಗಿ ಈ ಬಿಳಿ ತೊಗಲೇ ಸೀಳಿನಲ್ಲಿ ಅಲುಗುತ್ತದೆ. ಅಕ್ಕನ ಸಾಲು ಹಕ್ಕಿಗಳ ಹಾಗೆ ಇದೂ ಬಂದು ಕೂತಿತು. ನಾಗನ ಕಲ್ಲುಗಳ ಮುಂದೆ ನಿಂತು ಹೇಳಿದ್ದು ನಿಜವಾಗಿತ್ತು. ಆದರೆ ಹೇಳುವಾಗ ನನಗೆ ಅದು ಗೊತ್ತಿತ್ತೇ ಎಂಬುದನ್ನು ಇನ್ನು ತಿಳಿಯಲು ದಾರಿಯಿಲ್ಲ.

ಗಾರ್ಡು ಬಂದರು. ಮಹಜರು ಬರೆದರು. ಮೇಸ್ತ್ರಿಯನ್ನು ಕೇಳಿದಾಗ ಅವರು ಎಲ್ಲವನ್ನೂ ಇದ್ದ ಹಾಗೆ ಹೇಳಿದರು, ಒಂದು ಮಾತನ್ನೂ ಮುಚ್ಚಲಿಲ್ಲ. ಗಾರ್ಡು ಬರೆಯುವುದನ್ನು ನಿಲ್ಲಿಸಿದರು. "ಇದನ್ನ ಹ್ಯಾಂಗ್ ಬರೂದ್ ಸರ್? ಕಾಪಾಡೂಕ್ ಹೋಯಿ ಅಂತ್ಲಾ?" ಎಂದು ನನ್ನನ್ನೇ ಕೇಳಿದರು. ನಾನು ಅಳತೆ ತೆಗೆದುಕೊಂಡೆ. ಕೊಕ್ಕು, ಕೊಂಬು, ರೆಕ್ಕೆ.

"ಸುಟ್ಟ್ ಹಾಕ್ಕ್" ಎಂದರು ಗಾರ್ಡು. "ನಿಯಮ ಹಾಂಗೇ ಇತ್ತ್."

ಅಲ್ಲಿಯವರೆಗೆ ದೂರ ಕೂತಿದ್ದ ದೊಡ್ಡಮ್ಮ ಎದ್ದು ಬಂದರು. "ಬರೀ ಸುಡೂದಲ್ಲ. ಸಂಸ್ಕಾರ ಆಯ್ಕ್."

ನಮ್ಮ ಕಡೆ ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡಿದಂತೆ ಸಂಸ್ಕಾರ ಮಾಡುತ್ತಾರೆ. ಯಾರ ಕಣ್ಣಿಗೆ ಬಿತ್ತೋ ಅವರೇ ಮಾಡಬೇಕು. ಕಂಡೂ ಕಾಣದಂತೆ ಹೋದರೆ ದೋಷ.

"ಇದ್ ನಾಗ ಅಲ್ಲ ದೊಡ್ಡಮ್ಮ" ಎಂದರು ಮಗ.

"ನಾಗನ್ ಮರದಲ್ಲ್ ಬಾಣಂತಿ ಆಯಿ ಸತ್ತದ್ದ್. ನಾವ್ ಬಾಗ್ಲ್ ಹಾಕಿ ಕೊಂದದ್ದ್. ನಾಗ ಅಲ್ದೆ ಮತ್ತ್ ಎಂತ?" ಎಂದು ಅವರು ಎಲ್ಲರ ಮುಖ ನೋಡಿದರು. "ಯಾರ್ ಸುರೂಗ್ ಕಂಡದ್ದ್?"

ಮೇಸ್ತ್ರಿ ಟೈಲ್ಸಿನ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದರು. ಸಿಮೆಂಟು ಮೆತ್ತುವಾಗ ಅವರು ಸೀಳಿನ ಎದುರೇ ಇದ್ದವರು. ಒಳಗಿದ್ದದ್ದನ್ನು ಜೀವವಿದ್ದಾಗ ಖಂಡಿತ ಕಂಡ ಮನುಷ್ಯ ಲೋಕದಲ್ಲಿ ಅವರೊಬ್ಬರೇ. ಬಾಯಿ ತೆರೆದರು. "ನಾನ್…"

"ನಾನು" ಎಂದೆ. "ನಾಗನ ಎದುರು ಹೇಳಿದ್ದೇನಲ್ಲ."

ಬಿಳಿ ಬಟ್ಟೆ ಹುಡುಗಿ ತಂದುಕೊಟ್ಟಳು. ತಾಯಿ ಮರಿ ಎರಡನ್ನೂ ಅದರಲ್ಲಿ ಸುತ್ತಿದೆ. ಕಡಿದು ರಾಶಿ ಹಾಕಿದ್ದ ಗೋಳಿ, ಕಾಸರಕದ ಕೊಂಬೆಗಳನ್ನೇ ದಡದಲ್ಲಿ ಒಟ್ಟಿದರು. ಮಂತ್ರ ಹೇಳುವವರು ಹೇಳಿಕೊಟ್ಟಂತೆ ಮಾಡಿದೆ. ಅರ್ಥ ಕೇಳಲಿಲ್ಲ. ಬೆಂಕಿ ಕೊಟ್ಟೆ. ಕೊಕ್ಕು ಬೇಗ ಉರಿಯಲಿಲ್ಲ.

"ಹೊಳಿಯಲ್ಲ್ ಮುಳ್ಗ್ ಹಾಕಿ ಹಾಂಗೇ ದೋಣಿ ಹತ್ತಿ" ಎಂದರು ದೊಡ್ಡಮ್ಮ. "ಹಿಂದ್ ತಿರ್ಗ್ ಕಾಂಬುಕಾಗ."

ಮುಳುಗು ಹಾಕಿ ಒದ್ದೆ ಬಟ್ಟೆಯಲ್ಲೇ ದೋಣಿ ಹತ್ತಿದೆ. ದೋಣಿಯವರೂ ಮುಳುಗಿ ಬಂದು ಜಲ್ಲೆ ಊರಿದರು, ಮುಖ ಗಂಗೊಳ್ಳಿಯ ಕಡೆಗೆ. ಇಳಿತದ ನೀರು ನಮ್ಮನ್ನು ತಾನೇ ಎಳೆದೊಯ್ಯುತ್ತಿತ್ತು. ನಡು ಹೊಳೆಗೆ ಬಂದಾಗ ಬೆನ್ನ ಹಿಂದೆ, ಕುದ್ರುವಿನ ಮೇಲೆ, ಯಾರೋ ಒದ್ದೆ ಕಂಬಳಿ ಒದರಿದ ಸದ್ದು. ಒಮ್ಮೆ, ಬಿಟ್ಟು ಮತ್ತೊಮ್ಮೆ. ಬಿಗಿಯದೆ ಬಿಟ್ಟಿದ್ದ ಶೀಟು ಗಾಳಿಗೆ ಹೊಡೆದುಕೊಂಡರೂ ಹಾಗೇ ಸದ್ದು ಬರಬಹುದು. ತಿರುಗಿದ್ದರೆ ಗೊತ್ತಾಗುತ್ತಿತ್ತು. ದುರ್ಬೀನು ಕೊರಳಲ್ಲೇ ಇತ್ತು. ತಿರುಗಲಿಲ್ಲ.

"ಹ್ವಾಯ್ ಮಾಸ್ಟ್ರೆ, ಕೇಂಡ್ರ್ಯಾ?" ಎಂದರು ದೋಣಿಯವರು, ಅವರೂ ತಿರುಗದೆ.

"ಕೇಂಡೆ."

"ಅದೇ ಅಲ್ದಾ?"

"ಕಂಡದ್ದಿಲ್ಲ" ಎಂದೆ.